ಬಿಟ್ಟಿ ವರ್ತಮಾನದ ಬೆಲೆ

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ವರ್ತಮಾನವೂ ಅಷ್ಟೇ ಮುಖ್ಯ. ಹಿಂದೆ ಮಂಡಿಯ ಸಾಹುಕಾರನು ಪರವೂರಿನ ಧಾರಣೆಯನ್ನು ತಿಳಿಯಲು ಆಳನ್ನು ಕಳುಹಿಸಬೇಕಾಗಿತ್ತು. ಇಂದು ಅಂಗೈಯಲ್ಲಿರುವ ದೂರವಾಣಿಯೇ ಸಾಕು. ಯಾವ ಕಂಪನಿ ಎಂದು ಹುಟ್ಟಿತು, ಅದರ ಷೇರಿನ ಬೆಲೆ ಏನು, ಲಾಭವೆಷ್ಟು ಎಂಬುದೆಲ್ಲವೂ ಅಂತರ್ಜಾಲದಲ್ಲಿ ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಆದರೆ ಆ ಆಳು ಸುದ್ದಿಯನ್ನು ತರುವುದಷ್ಟೇ ಅಲ್ಲದೆ, ಕಣ್ಣಾರೆ ಕಂಡೂ ಬರುತ್ತಿದ್ದನು. ಪರೀಕ್ಷಿಸುವ ಆ ಕೆಲಸ ಈಗ ಯಾರದು? ನಮ್ಮದೇ. ಅದನ್ನು ಮರೆತರೆ ಆಗುವುದೇನೆಂಬುದನ್ನು ಮೂರು ನಿಜಸಂಗತಿಗಳಿಂದ ತಿಳಿಯೋಣ.

ಎಂದು ಹೇಳಿದ ಮಾತು?

ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆಯು 2002ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿಯನ್ನು ಸಲ್ಲಿಸಿತು. 2006ರಲ್ಲಿ ಆ ಸ್ಥಿತಿಯಿಂದ ಪಾರಾಯಿತು. 2008ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಪತ್ರಿಕೆಯೊಂದರ ಜಾಲತಾಣದಲ್ಲಿ ಆ ಹಳೆಯ ವರದಿಯು ಹೆಚ್ಚು ಜನ ಓದಿದ ಸುದ್ದಿಗಳ ಸಾಲಿನಲ್ಲಿ ಕಾಣಿಸಿಕೊಂಡಿತು. ವರದಿಯ ಮೂಲ ತಾರೀಖು ಪುಟದಲ್ಲಿರಲಿಲ್ಲ. ಸುದ್ದಿಗಳನ್ನು ತಾನಾಗಿಯೇ ಆಯ್ದುಕೊಳ್ಳುವ ಗೂಗಲ್ಲಿನ ಯಂತ್ರವು ಅದನ್ನು ಹೊಸತೆಂದು ಬಗೆಯಿತು. ಬಳಿಕ ಅದು ಷೇರು ವ್ಯಾಪಾರಿಗಳ ಬ್ಲೂಮ್‌ಬರ್ಗ್ ಪರದೆಯನ್ನೂ ಸೇರಿತು. ಸೆಪ್ಟೆಂಬರ್ 8ರಂದು ಸುಮಾರು 12 ಡಾಲರಿದ್ದ ಷೇರು ಕೆಲವೇ ನಿಮಿಷಗಳಲ್ಲಿ 3 ಡಾಲರಿಗೆ ಇಳಿಯಿತು. ವಹಿವಾಟನ್ನು ತಡೆದು ನಿಜವನ್ನು ತಿಳಿಸಿದ ಮೇಲೆ ಬೆಲೆ ಮತ್ತೆ 10 ಡಾಲರನ್ನು ದಾಟಿತು. ಆದರೆ ಗಾಬರಿಯಿಂದ ಮಾರಿದವರ ನಷ್ಟ ನಷ್ಟವಾಗಿಯೇ ಉಳಿಯಿತು. ವರದಿ ಸುಳ್ಳಾಗಿರಲಿಲ್ಲ, ಹಳೆಯದಾಗಿತ್ತು, ಅಷ್ಟೆ.

ಯಾರು ಹೇಳಿದ ಮಾತು?

2000ದ ಆಗಸ್ಟ್ 25ರಂದು ಕ್ಯಾಲಿಫೋರ್ನಿಯದ ಎಮ್ಯುಲೆಕ್ಸ್ ಕಂಪನಿಯ ಹೆಸರಿನಲ್ಲಿ ಒಂದು ಪ್ರಕಟಣೆ ಹೊರಬಿದ್ದಿತು. ಮುಖ್ಯಾಧಿಕಾರಿ ರಾಜೀನಾಮೆಯಿತ್ತರೆಂದೂ, ಲಾಭವೆಂದು ತೋರಿಸಿದುದು ವಾಸ್ತವವಾಗಿ ನಷ್ಟವೆಂದೂ ಅದರಲ್ಲಿತ್ತು. ಹೆಸರಾಂತ ಸುದ್ದಿ ಸಂಸ್ಥೆಗಳು ಅದನ್ನು ಹಾಗೆಯೇ ಹರಡಿದವು. ನೂರು ಡಾಲರಿಗೂ ಮೇಲಿದ್ದ ಷೇರು ಒಂದು ಗಂಟೆಯೊಳಗೆ ಅರ್ಧಕ್ಕಿಂತ ಕೆಳಕ್ಕೆ ಬಿದ್ದಿತು. ಪ್ರಕಟಣೆಯನ್ನು ಸೃಷ್ಟಿಸಿದವನು ಅದನ್ನು ಹಂಚಿದ ಸಂಸ್ಥೆಯಲ್ಲಿ ಹಿಂದೆ ಕೆಲಸಕ್ಕಿದ್ದ 23 ವರ್ಷದ ತರುಣ. ಬೆಲೆ ಇಳಿದರೆ ಅವನಿಗೆ ಲಾಭವಿತ್ತು. ಮರುವರ್ಷ ಅವನಿಗೆ ಸೆರೆವಾಸವಾಯಿತು.

ಹತ್ತು ಕಡೆ ಓದಿದೆವು, ಆದುದರಿಂದ ನಿಜವಿರಬೇಕೆಂದು ನಾವು ನಂಬುವುದುಂಟು. ಒಂದೇ ಬಾವಿಯ ನೀರನ್ನು ಹತ್ತು ಕೊಡಗಳಲ್ಲಿ ತುಂಬಿಟ್ಟರೆ ಹತ್ತು ಬಾವಿಗಳಾದಾವೆ? ವಿಜ್ಞಾನಿಯು ಒಂದು ಪ್ರಯೋಗದ ಫಲವನ್ನು ಬೇರೆಯವರು ಸ್ವತಂತ್ರವಾಗಿ ಮಾಡಿ ನೋಡಿದ ಮೇಲೆ ಒಪ್ಪುತ್ತಾನೆ. ನಕಲುಗಳನ್ನು ಎಣಿಸಿ ಒಪ್ಪುವುದಿಲ್ಲ.

ಯಾರು ಪರೀಕ್ಷಿಸಿದ ಮಾತು?

ಹಾಗಾದರೆ ಸರ್ಕಾರದ ದಾಖಲೆಯನ್ನು ನಂಬಬಹುದಷ್ಟೆ? ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯು 2015ರಿಂದ ತನ್ನ ಮಾಹಿತಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಆದರೆ ಸಲ್ಲಿಸಿದುದನ್ನು ದಾಖಲಿಸುವುದಷ್ಟೇ ಬಹುಕಾಲ ಅದರ ಕೆಲಸವಾಗಿತ್ತು. 2013ರಲ್ಲಿ ಒಬ್ಬನು ಆಗಿನ ವಾಣಿಜ್ಯ ಸಚಿವ ವಿನ್ಸ್ ಕೇಬಲ್ಲರನ್ನೇ, ಅವರ ಅರಿವಿಲ್ಲದೆ, ಒಂದು ಕಂಪನಿಯ ನಿರ್ದೇಶಕರೆಂದು ನೋಂದಾಯಿಸಿದನು! ದೋಷವನ್ನು ತೋರಿಸಿಕೊಡಲು ಹೀಗೆ ಮಾಡಿದೆನೆಂದು ಹೇಳಿಕೊಂಡ ಅವನಿಗೇ 2018ರಲ್ಲಿ ಶಿಕ್ಷೆಯಾಯಿತು. ಅನುಮಾನ ಬಂದ ಮಾಹಿತಿಯನ್ನು ಪ್ರಶ್ನಿಸಿ ತಿರಸ್ಕರಿಸುವ ಅಧಿಕಾರ ಆ ಕಚೇರಿಗೆ ದೊರೆತುದು 2023ರ ಕಾನೂನಿನಿಂದ.

ನಮ್ಮ ಕೈಯ ಒರೆಗಲ್ಲು

ನಮ್ಮ ದೇಶದಲ್ಲಿಯೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಪ್ರತಿಯೊಂದು ಕಂಪನಿಯ ಮೂಲ ವಿವರಗಳನ್ನು ಉಚಿತವಾಗಿ ನೋಡಬಹುದು. ಪ್ರತಿ ಕಂಪನಿಗೂ 21 ಅಕ್ಷರ ಮತ್ತು ಅಂಕಿಗಳ ಒಂದು ಗುರುತುಸಂಖ್ಯೆಯುಂಟು. ಅದರ 7 ಮತ್ತು 8ನೆಯ ಅಕ್ಷರಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ ‘ಕೆಎ’. 9ರಿಂದ 12ರವರೆಗಿನ ಅಂಕಿಗಳು ಸ್ಥಾಪನೆಯ ವರ್ಷವನ್ನು ಹೇಳುತ್ತವೆ. ‘ಮೂವತ್ತು ವರ್ಷಗಳ ಅನುಭವ’ ಎಂದು ಸಾರುವ ಕಂಪನಿಯ ಸಂಖ್ಯೆಯಲ್ಲಿ 2021 ಎಂದಿದ್ದರೆ ನಾವು ಕಾರಣ ಕೇಳಬೇಕು. ಹಳೆಯ ಪಾಲುದಾರಿಕೆಯೊಂದು ಆ ವರ್ಷ ಕಂಪನಿಯಾಗಿರಲೂಬಹುದು. ಆದರೆ ಉತ್ತರ ಅವರಿಂದ ಬರಬೇಕು.

ಬಂಡವಾಳದ ಕಲಮಿನಲ್ಲಿ ಎರಡು ಮೊತ್ತಗಳಿರುತ್ತವೆ. ಅಧಿಕೃತ ಬಂಡವಾಳವೆಂಬುದು ಎಷ್ಟರವರೆಗೆ ಷೇರು ನೀಡಬಹುದೆಂಬ ಮಿತಿ ಮಾತ್ರ. ಪಾವತಿಯಾದ ಬಂಡವಾಳವೇ ಷೇರುದಾರರು ನಿಜವಾಗಿ ತೊಡಗಿಸಿದ ಹಣ. ಜಾಹೀರಾತಿನಲ್ಲಿ ಮೊದಲನೆಯದನ್ನು ಕಂಡು ಮರುಳಾಗಬಾರದು. ಹೂಡಿಕೆಯ ಸಲಹೆ ನೀಡುವವರ ಹೆಸರನ್ನು ಸೆಬಿಯ ಪಟ್ಟಿಯಲ್ಲಿಯೂ, ಸಾಲ ಕೊಡುವ ಹಣಕಾಸು ಕಂಪನಿಯ ಹೆಸರನ್ನು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿಯೂ ಹುಡುಕಬೇಕು. ಅವರೇ ಕಳುಹಿಸಿದ ಕೊಂಡಿಯ ಮೂಲಕ ಹೋಗದೆ, ನಾವೇ ಆ ತಾಣವನ್ನು ತೆರೆದು ನೋಡಬೇಕು.

ಇಷ್ಟಾದರೂ ಸಂಶಯ ಪೂರ್ಣವಾಗಿ ಅಳಿಯುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು, ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಪತ್ರ ಬರೆದರು. ಅವು ಲೆಕ್ಕಪರಿಶೋಧಕರು ಸಹಿ ಹಾಕಿದ ಲೆಕ್ಕಗಳಾಗಿದ್ದವು! ಆದುದರಿಂದ ಒಂದೇ ದಾಖಲೆಯನ್ನು, ಅದೆಷ್ಟೇ ಗೌರವದ್ದಾಗಿರಲಿ, ನೆಚ್ಚಿ ಇಡೀ ಉಳಿತಾಯವನ್ನು ಒಂದೆಡೆ ಸುರಿಯುವುದು ವಿವೇಕವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಪರದೆಯ ಮೇಲೆ ಕಂಡುದು ಪ್ರತ್ಯಕ್ಷವೂ ಅಲ್ಲವಷ್ಟೆ!