ದಾಬಸ್‌ಪೇಟೆ ಹುಡುಕುವ ಸಿ ಪ್ರೋಗ್ರಾಂ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ಶಿವಗಂಗೆ ಬೆಟ್ಟಕ್ಕೆ ತಿರುಗುವಲ್ಲಿ ದಾಬಸ್‌ಪೇಟೆ ಸಿಗುತ್ತದೆ. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಊರು. ಆ ಹೆಸರು ನಮ್ಮ ಬಾಯಿಗೆ ಹೊಂದಿಕೊಂಡಿತೇ ಹೊರತು ಬರಹದಲ್ಲಿ ಇನ್ನೂ ಒಂದು ಕಡೆ ನಿಂತಿಲ್ಲ: ದಾಬಸ್‌ಪೇಟೆ, ಡಾಬಸ್‌ಪೇಟೆ, ದಾಬಸ್ ಪೇಟೆ, ದಾಬಸ್ಪೇಟೆ.

ವಿಳಾಸಗಳ ದೊಡ್ಡ ಕಡತದಿಂದ ಈ ಊರಿನ ಸಾಲುಗಳನ್ನಷ್ಟೇ ಹೆಕ್ಕಬೇಕು ಎಂದುಕೊಳ್ಳಿ. ಸಿ ಭಾಷೆಯ ಮಾಮೂಲಿ ಹುಡುಕಾಟಕ್ಕೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಪದದ ಬದಲು ಪದದ ಮಾದರಿಯನ್ನೇ ಕೊಡಬಹುದು: (ದಾ|ಡಾ)ಬಸ್( )?ಪೇಟೆ. ಗೀಟು ‘ಅಥವಾ’ ಎನ್ನುತ್ತದೆ, ಪ್ರಶ್ನೆಚಿಹ್ನೆ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎನ್ನುತ್ತದೆ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಕಟ್ಟಿದ ಈ ಕಲ್ಪನೆಯನ್ನು ಪಠ್ಯದ ಹುಡುಕಾಟಕ್ಕೆ ಇಳಿಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು.

ಯುನಿಕ್ಸ್, ಲಿನಕ್ಸ್‌ಗಳಲ್ಲಿ ಇದಕ್ಕೆ ಸಿದ್ಧ ಲೈಬ್ರರಿಯೇ ಇದೆ. ‘ರೆಗ್‌ಕಾಂಪ್’ ಮಾದರಿಯನ್ನು ಒಮ್ಮೆ ಅರಗಿಸಿಕೊಳ್ಳುತ್ತದೆ, ‘ರೆಗ್‌ಎಕ್ಸೆಕ್’ ಒಂದೊಂದೇ ಸಾಲಿನ ಮೇಲೆ ಅದನ್ನು ಓಡಿಸುತ್ತದೆ, ಕೊನೆಗೆ ‘ರೆಗ್‌ಫ್ರೀ’ ಮೆಮೊರಿಯನ್ನು ಬಿಡಿಸುತ್ತದೆ. ಗೀಟು, ಪ್ರಶ್ನೆಚಿಹ್ನೆಗಳಿಗೆ ಮೇಲೆ ಹೇಳಿದ ಅರ್ಥ ಬರಬೇಕಾದರೆ ‘ಎಕ್ಸ್‌ಟೆಂಡೆಡ್’ ಎಂಬ ಸೂಚನೆಯನ್ನೂ ಕೊಡಬೇಕು. ಇಷ್ಟು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿತಾರು. ಲೈಬ್ರರಿ ಯಾವುದನ್ನು ಅಕ್ಷರ ಎಂದುಕೊಂಡಿದೆ ಎಂಬಲ್ಲಿ ಮಾತ್ರ ಕನ್ನಡಿಗರಿಗೆ ನಿಜವಾದ ಕಾಟ.

ಯುಟಿಎಫ್-8ರಲ್ಲಿ ‘ದ’ ಎಂದರೆ 224, 178, 166 ಎಂಬ ಮೂರು ಬೈಟು. ‘ಡ’ದಲ್ಲಿ ಕೊನೆಯದಷ್ಟೇ ಬೇರೆ, 161. ಭಾಷೆ, ಅಕ್ಷರಗಳ ವ್ಯವಸ್ಥೆಯನ್ನು ಹೊಂದಿಸುವ ‘ಸೆಟ್‌ಲೊಕೇಲ್’ ಅನ್ನು ಕರೆಯದ ಪ್ರೋಗ್ರಾಂ ಸಾಮಾನ್ಯವಾಗಿ ಒಂದು ಬೈಟನ್ನೇ ಒಂದು ಅಕ್ಷರವೆಂದು ನಂಬಿರುತ್ತದೆ. ಅಲ್ಲಿ [ದಡ] ಎಂದು ಬರೆದರೆ ಎರಡು ಅಕ್ಷರಗಳಲ್ಲಿ ಒಂದು ಎಂಬ ಅರ್ಥ ಹೋಗಿ, ನಾಲ್ಕು ಬೈಟುಗಳಲ್ಲಿ ಒಂದು ಎಂದಾಗುತ್ತದೆ. ತಮಾಷೆಯೆಂದರೆ ಹುಡುಕಾಟ ಗೆದ್ದಂತೆಯೇ ಕಾಣುತ್ತದೆ! ‘ದ’ದ ಕೊನೆಯ ಬೈಟಿನಿಂದ ಹೊಂದಾಣಿಕೆ ಶುರುವಾಗಿರುತ್ತದೆ, ಅಷ್ಟೆ. ‘ಸಾಲಿನ ಆರಂಭದಲ್ಲೇ ಇರಬೇಕು’ ಎಂಬ ^ ಗುರುತು ಸೇರಿಸಿದ ಕೂಡಲೇ ಊರು ಮಾಯ. (ದಾ|ಡಾ) ಎಂದು ಪೂರ್ತಿ ಬರೆದರೆ ಈ ತೊಂದರೆಯಿಲ್ಲ.

ಇನ್ನೊಂದು ಕಣ್ಣಿಗೇ ಬೀಳದ್ದು. ‘ಸ್’ ಮತ್ತು ‘ಪೇ’ ಕೂಡಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಅಕ್ಷರ ಕೂರುತ್ತದೆ: 226, 128, 140. ಮೇಲಿನ ಮಾದರಿ ಈ ಲೇಖನದ ತಲೆಬರಹವನ್ನೇ ಹಿಡಿಯದಿರುವುದು ಇದರಿಂದಾಗಿ. ಆವರಣದಲ್ಲಿ ಖಾಲಿ ಜಾಗದ ಪಕ್ಕ ಗೀಟು ಹಾಕಿ ಅದನ್ನೂ ಸೇರಿಸಬೇಕು. ಡಾಬಸಪೇಟೆ ಎಂದು ಬರೆಯುವವರೂ ಇದ್ದಾರೆ, ಅವರಿಗಾಗಿ (ಸ್|ಸ).