ಲಕ್ಷ ಕೋಟಿ ನೋಟದಲ್ಲಿ ನಮ್ಮ ಮನೆಯ ಪಾಲು

ಭಾರತದಲ್ಲಿ ವರ್ಷಕ್ಕೆ ಸುಮಾರು ಎರಡು ಸಾವಿರ ಕಥಾಚಿತ್ರಗಳು ಸೆನ್ಸಾರ್ ಮಂಡಳಿಯ ಮುಂದೆ ಬರುತ್ತವೆ. ಒಂದೊಂದಕ್ಕೆ ಎರಡೂವರೆ ಗಂಟೆ ಹಿಡಿದರೂ ಒಟ್ಟು ಐದು ಸಾವಿರ ಗಂಟೆ. ಬೆಂಗಳೂರೂ ಸೇರಿದಂತೆ ಒಂಬತ್ತು ಊರುಗಳಲ್ಲಿ ಮಂಡಳಿಯ ಕಚೇರಿಗಳಿವೆ. ನಾಲ್ಕೈದು ಜನ ಕೂತು ಪ್ರತಿ ಚಿತ್ರವನ್ನೂ ಮೊದಲಿಂದ ಕೊನೆಯವರೆಗೆ ನೋಡಿ, ಇದು ಯಾವ ವಯಸ್ಸಿನವರಿಗೆ ಎಂದು ತೀರ್ಮಾನಿಸುತ್ತಾರೆ. 2024ರಿಂದ ಯುಎ ಪ್ರಮಾಣಪತ್ರದ ಒಳಗೇ 7, 13, 16 ಎಂದು ಮೂರು ಮೆಟ್ಟಿಲುಗಳೂ ಆಗಿವೆ. ಅಷ್ಟೇ ಐದು ಸಾವಿರ ಗಂಟೆಯ ಸರಕು ಯೂಟ್ಯೂಬ್‌ಗೆ ಬಂದು ಬೀಳಲು ಹತ್ತು ನಿಮಿಷ ಸಾಕು.

ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೊ ಎಂಬುದು ಯೂಟ್ಯೂಬ್ ತಾನೇ ಹೇಳಿಕೊಂಡ ಲೆಕ್ಕ. ದಿನಕ್ಕೆ 7,20,000 ಗಂಟೆ. ಒಬ್ಬ ಮನುಷ್ಯ ಊಟ ನಿದ್ದೆ ಬಿಟ್ಟು ನೋಡಿದರೂ ಒಂದು ದಿನದ್ದನ್ನು ಮುಗಿಸಲು 82 ವರ್ಷ. ಎಂಟು ಗಂಟೆಯ ಪಾಳಿಯಲ್ಲಿ ನೋಡಿ ಮುಗಿಸಬೇಕೆಂದರೆ 90,000 ಜನ ಬೇಕು. ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ತುಂಬಿದರೂ ಅಷ್ಟು ಜನ ಆಗುವುದಿಲ್ಲ. ಆದ್ದರಿಂದ ಈ ಕೆಲಸ ಯಂತ್ರದ ಪಾಲಾಗಿದೆ. 2023ರ ಕೊನೆಯ ಮೂರು ತಿಂಗಳಲ್ಲಿ ಭಾರತದಿಂದ ಹೋದ ವಿಡಿಯೊಗಳಲ್ಲೇ 22 ಲಕ್ಷಕ್ಕೂ ಹೆಚ್ಚನ್ನು ಕಂಪನಿ ತೆಗೆದುಹಾಕಿತು. ಇಷ್ಟಾಗಿಯೂ ಯಂತ್ರ ಹುಡುಕುವುದು ನಿಯಮ ಮೀರಿದ್ದನ್ನು. ಗೆಳೆಯನ ಮನೆಗೆ ಬಾಂಬಿಟ್ಟು ಅವನು ಅಳುವುದನ್ನು ಕೇಳಿ ನಗುವುದು ಯಾವ ನಿಯಮವನ್ನೂ ಮೀರುವುದಿಲ್ಲ, ಮನೆಯೂ ಬಾಂಬೂ ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮಿನವಾದರೆ.

2021ರ ಡಿಸೆಂಬರ್‌ನಲ್ಲಿ ಮೈನ್‌ಕ್ರಾಫ್ಟ್ ವಿಡಿಯೊಗಳ ಒಟ್ಟು ವೀಕ್ಷಣೆ ಒಂದು ಲಕ್ಷ ಕೋಟಿ ದಾಟಿತು. ಹಸುಗೂಸಿನಿಂದ ಹಿಡಿದು ಹಲ್ಲಿಲ್ಲದ ಅಜ್ಜನವರೆಗೆ ಪ್ರತಿಯೊಬ್ಬ ಭಾರತೀಯನೂ ತಲಾ ಏಳುನೂರು ಸಲ ನೋಡಿದರೆ ಆಗುವಷ್ಟು. ಆ ಆಟದ ಪ್ರಪಂಚವೂ ಸಣ್ಣದಲ್ಲ. ಒಂದೊಂದು ಮೀಟರಿನ ಚೌಕಗಳಿಂದ ಕಟ್ಟಿದ ನೆಲ, ಉದ್ದಕ್ಕೂ ಅಗಲಕ್ಕೂ ಆರಾರು ಕೋಟಿ ಚೌಕ. ಭೂಮಿಯ ಮೇಲ್ಮೈಯ ಏಳರಷ್ಟು. ಅದರೊಳಗೆ ಹದಿನೆಂಟು ಸಾವಿರ ಕರ್ನಾಟಕಗಳನ್ನು ಹಾಸಬಹುದು. ಇಷ್ಟು ಜಾಗ ಇದ್ದೂ ಮಕ್ಕಳಿಗೆ ಬೇಕಾದದ್ದು ಪಕ್ಕದ ಗೆಳೆಯನ ಮನೆಯೇ!

ಅಲ್ಲಿನ ಕೀಟಲೆಗಳಲ್ಲಿ ಕೆಲವು ನಿಜಕ್ಕೂ ಸೊಗಸು. ಗೆಳೆಯ ಇಲ್ಲದ ಹೊತ್ತು ನೋಡಿ ಅವನ ಮನೆ ತುಂಬ ಕೋಳಿ ಬಿಡುವುದು ಒಂದು. ಎಸೆದ ಎಂಟು ಮೊಟ್ಟೆಯಲ್ಲಿ ಒಂದರಿಂದ ಮರಿ ಬಂದರೆ ಬಂತು. ಅಪರೂಪಕ್ಕೊಮ್ಮೆ ಒಂದೇ ಮೊಟ್ಟೆಯಿಂದ ನಾಲ್ಕು ಮರಿ. ನೂರು ಕೋಳಿ ಬೇಕೆಂದರೆ ಏಳುನೂರಕ್ಕೂ ಹೆಚ್ಚು ಮೊಟ್ಟೆ ಎಸೆಯಬೇಕು. ಕೋಳಿ ಒಂದು ಮೊಟ್ಟೆ ಇಡಲು ಐದರಿಂದ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಬೆವರು ಸುರಿಸಿ ಮಾಡಿದ ತಮಾಷೆಗೆ ಬಲಿಯಾದವನೂ ಬಿದ್ದು ಬಿದ್ದು ನಗುತ್ತಾನೆ. ಆಟದ ಬಾಂಬು ಟಿಎನ್‌ಟಿ ಹಾಗಲ್ಲ. ಐದು ಚಿಟಿಕೆ ಮದ್ದಿನ ಪುಡಿ, ನಾಲ್ಕು ಚೌಕ ಮರಳು, ಒಂದು ಕಿಡಿ. ನಾಲ್ಕೇ ಸೆಕೆಂಡಿನಲ್ಲಿ ತಿಂಗಳುಗಟ್ಟಲೆ ಕಟ್ಟಿದ್ದು ಹೊಂಡ. ಎರಡೂ ಪ್ರ್ಯಾಂಕ್ ವಿಡಿಯೊಗಳೇ, ಥಂಬ್‌ನೇಲ್‌ನಲ್ಲಿ ಬಾಯಿ ಬಿಟ್ಟ ಮುಖವೂ ಒಂದೇ.

ಆಟದ ಮೇಲೆ ವಯಸ್ಸು ಬರೆದಿರುತ್ತದಲ್ಲ ಎನ್ನುವವರಿದ್ದಾರೆ. ಬರೆದಿರುತ್ತದೆ: ಮೈನ್‌ಕ್ರಾಫ್ಟ್‌ಗೆ ಯುರೋಪಿನ ರೇಟಿಂಗ್ ವ್ಯವಸ್ಥೆ ಪೆಗಿ 7 ವರ್ಷ ಎನ್ನುತ್ತದೆ, ಅಮೆರಿಕದ ಇಎಸ್‌ಆರ್‌ಬಿ 10 ಎನ್ನುತ್ತದೆ. ಆದರೆ ಅದು ಆಟಕ್ಕೆ ಕೊಟ್ಟದ್ದು. ಆಟದ ಮೇಲೆ ಕೂತು ಮೈಕಿನಲ್ಲಿ ಬೈಯುವವನಿಗೆ ಕೊಟ್ಟದ್ದಲ್ಲ.

ಇನ್ನೊಂದು ಭ್ರಮೆ ಯೂಟ್ಯೂಬ್‌ನ ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಗುರುತಿನದ್ದು. 2019ರ ಸೆಪ್ಟೆಂಬರ್‌ನಲ್ಲಿ, ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಕಲೆಹಾಕಿದ ಆರೋಪದ ಇತ್ಯರ್ಥಕ್ಕೆ ಯೂಟ್ಯೂಬ್‌ನ ಒಡೆಯ ಗೂಗಲ್ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದರ ಫಲವಾಗಿ 2020ರ ಜನವರಿಯಿಂದ ಆ ಗುರುತಿನ ನಿಯಮ ಜಾರಿಗೆ ಬಂತು. ಅದನ್ನು ಹಾಕುವವರು ಹೆಚ್ಚಾಗಿ ವಿಡಿಯೊ ಮಾಡಿದವರೇ. ಅದರಿಂದ ಕಾಮೆಂಟು ಮುಚ್ಚುತ್ತದೆ, ಮಗುವಿನ ಬೆನ್ನು ಹತ್ತುವ ಜಾಹೀರಾತು ನಿಲ್ಲುತ್ತದೆ. ಒಳಗಿರುವ ಕೀಟಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೀಟಲೆ ಕೆಡುವುದಕ್ಕೆ ದುಡ್ಡಿನ ಲೆಕ್ಕವೂ ಒಂದು ಕಾರಣ. ಯೂಟ್ಯೂಬ್‌ನಲ್ಲಿ ಎಂಟು ನಿಮಿಷ ದಾಟಿದ ವಿಡಿಯೊದ ನಡುವೆ ಜಾಹೀರಾತು ತೂರಿಸಬಹುದು. 2020ರವರೆಗೆ ಆ ಗಡಿ ಹತ್ತು ನಿಮಿಷವಾಗಿತ್ತು. ಒಂದು ನಿಮಿಷದ ಕೀಟಲೆಯನ್ನು ಒಂಬತ್ತು ನಿಮಿಷ ಎಳೆಯಬೇಕೆಂದರೆ ಏನು ಮಾಡಬೇಕು? ಒಂದು ಸಲ ಸುಟ್ಟ ಮನೆಯನ್ನು ಎರಡನೆಯ ಸಲ ಸುಡಬೇಕು. ನನ್ನ ಅನುಮಾನ, ಈ ಪ್ರಕಾರದ ಅರ್ಧ ಕ್ರೌರ್ಯ ದುಷ್ಟತನದ್ದಲ್ಲ, ಅವಧಿ ತುಂಬಿಸುವ ಅವಸರದ್ದು.

ಈ ದಾರಿಯ ತುದಿಯಲ್ಲಿ ಏನಿದೆ ಎಂಬುದನ್ನು 2017ರ ಡಿಸೆಂಬರ್ 28ರಂದು ಅಮೆರಿಕದ ಕನ್ಸಾಸ್ ರಾಜ್ಯದ ವಿಚಿಟಾ ಊರು ಕಂಡಿತು. ಕಾಲ್ ಆಫ್ ಡ್ಯೂಟಿ ಎಂಬ ವಿಡಿಯೊ ಗೇಮ್ ಆಡುತ್ತಿದ್ದ ಇಬ್ಬರಿಗೆ ಒಂದೂವರೆ ಡಾಲರ್ ಪಂದ್ಯದ ಮೇಲೆ ಜಗಳ. ಒಬ್ಬ ಲಾಸ್ ಏಂಜಲೀಸ್‌ನ ಮೂರನೆಯವನಿಗೆ ಹೇಳಿ ಪೊಲೀಸರಿಗೆ ಸುಳ್ಳು ಕರೆ ಮಾಡಿಸಿದ: ಅಪ್ಪನನ್ನು ಕೊಂದಿದ್ದೇನೆ, ಮನೆಯವರನ್ನು ಒತ್ತೆ ಇಟ್ಟುಕೊಂಡಿದ್ದೇನೆ. ಎದುರಾಳಿ ಕೊಟ್ಟಿದ್ದದ್ದು ತಾನು ಆಗ ವಾಸವಿಲ್ಲದ ಮನೆಯ ವಿಳಾಸ. ಬಾಗಿಲಿಗೆ ಬಂದ, ಈ ಜಗಳಕ್ಕೆ ಸಂಬಂಧವೇ ಇಲ್ಲದ 28 ವರ್ಷದ ವ್ಯಕ್ತಿ ಪೊಲೀಸರ ಗುಂಡಿಗೆ ಸತ್ತ. ಕರೆ ಮಾಡಿದವನಿಗೆ 2019ರಲ್ಲಿ 20 ವರ್ಷ ಜೈಲು. ಹೀಗೆ ಸುಳ್ಳು ಕರೆ ಮಾಡಿ ಪೊಲೀಸರನ್ನು ನುಗ್ಗಿಸುವುದಕ್ಕೆ ಸ್ವಾಟಿಂಗ್ ಎಂಬ ಹೆಸರಿದೆ, ನೇರಪ್ರಸಾರದ ನಡುವೆ ಗೇಮರ್ ಮನೆಗೆ ಪೊಲೀಸರು ನುಗ್ಗಿದ ತುಣುಕುಗಳನ್ನು ತಮಾಷೆ ಎಂದೇ ಹಂಚಿಕೊಂಡವರೂ ಇದ್ದಾರೆ. ಎಲ್ಲ ಕೀಟಲೆಯೂ ಇಲ್ಲಿಗೆ ಬಂದು ಮುಟ್ಟುತ್ತದೆ ಎಂದರೆ ಸುಳ್ಳಾದೀತು. ಕೋಳಿ ಬಿಟ್ಟ ಹುಡುಗ ಕೋಳಿ ಬಿಟ್ಟ ಹುಡುಗನೇ.

ಹಾಗಾದರೆ ಮಗು ನೋಡುವುದನ್ನು ತೂಗುವುದು ಹೇಗೆ? ಇಲ್ಲಿಯವರೆಗೆ ಹೆದರಿಸಿದ ಅಂಕಿಗಳೇ ಈಗ ತಿರುಗಿ ನಿಲ್ಲುತ್ತವೆ. ದಿನಕ್ಕೆ ಎರಡು ಗಂಟೆ ನೋಡುವ ಮಗು ವರ್ಷವಿಡೀ ನೋಡುವುದು 730 ಗಂಟೆ. ಯೂಟ್ಯೂಬ್‌ನ ಲೆಕ್ಕದಲ್ಲಿ ಒಂದೂವರೆ ನಿಮಿಷದ ಸರಕು. ಅದರಲ್ಲೂ ಮಕ್ಕಳು ನೋಡಿದವರನ್ನೇ ಮತ್ತೆ ನೋಡುತ್ತಾರೆ. ಫೋನಿನ ಹಿಸ್ಟರಿ ತೆರೆದು ನೋಡಿ, ಬಹಳಷ್ಟು ಮನೆಗಳಲ್ಲಿ ನಾಲ್ಕೈದು ಚಾನೆಲ್‌ಗಳೇ ತಿರುತಿರುಗಿ ಸಿಗುತ್ತವೆ.

ಆ ಚಾನೆಲ್‌ಗಳಲ್ಲಿ ನಾನಾದರೆ ಶುರುವನ್ನು ನೋಡುವುದಿಲ್ಲ. ಶುರುವಿನಲ್ಲಿ ಎಲ್ಲರೂ ಒಳ್ಳೆಯವರು. ಎರಡನೇ ಜಾಹೀರಾತಿನ ನಂತರಕ್ಕೆ ಎಳೆದು, ಚಿತ್ರ ಬಿಟ್ಟು ದನಿ ಮಾತ್ರ ಕೇಳುತ್ತೇನೆ. ಮೋಸಹೋದವನ ದನಿ. ಅವನು ‘ಬೇಡ, ನಿಲ್ಲಿಸೋ’ ಎಂದಾಗ ಎದುರಿನವನು ನಿಲ್ಲಿಸಿದನೋ, ಇನ್ನೂ ಜೋರಾಗಿ ನಕ್ಕನೋ? ಮುರಿದದ್ದನ್ನು ಕೊನೆಗೆ ಇಬ್ಬರೂ ಸೇರಿ ಕಟ್ಟಿದರೋ, ಇಲ್ಲ ‘ಸಬ್‌ಸ್ಕ್ರೈಬ್ ಮಾಡಿ’ ಎಂದು ಓಡಿದರೋ? ಬಲಿಯಾದವನಿಗೆ ಮೊದಲೇ ಗೊತ್ತಿದ್ದ ನಾಟಕವಾದರೆ ಅದನ್ನು ಎಲ್ಲಾದರೂ ಹೇಳಿದ್ದಾರೆಯೇ? ನಮಗೆ ನಾಟಕ ಎಂದು ಕಾಣುವುದು ಆರು ವರ್ಷದ ಮಗುವಿಗೆ ಕಾಣಬೇಕೆಂದಿಲ್ಲ. ಕನ್ನಡದಲ್ಲಿ ಮಾತಾಡುವ ಚಾನೆಲ್ ಆದರೆ ಅಜ್ಜಿಯನ್ನು ಕೂರಿಸಿದರೆ ಸಾಕು. ಆಟ ಅರ್ಥವಾಗದಿದ್ದರೂ ಬೈಗುಳ ಅರ್ಧ ಬಾಯಿಗೆ ಬಂದಾಗಲೇ ಅವರಿಗೆ ಗೊತ್ತಾಗುತ್ತದೆ.

ನಾಲ್ಕು ಚಾನೆಲ್, ಒಂದೊಂದರಿಂದ ಮೂರು ವಿಡಿಯೊ, ತಲಾ ಹತ್ತು ನಿಮಿಷ: ಎರಡು ಗಂಟೆಯ ಕೆಲಸ. ಹಿಡಿಸದ ಚಾನೆಲ್ಲನ್ನು ಬ್ಲಾಕ್ ಮಾಡುವ ದಾರಿ ಯೂಟ್ಯೂಬ್ ಕಿಡ್ಸ್‌ನಲ್ಲಿದೆ, ನೀವು ಒಪ್ಪಿದ್ದನ್ನು ಮಾತ್ರ ತೋರಿಸುವ ಆಯ್ಕೆಯೂ ಇದೆ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ಕೂರಬೇಕು, ಅಷ್ಟರಲ್ಲಿ ಮಗುವಿನ ಆಟವೇ ಬದಲಾಗಿರುತ್ತದೆ.