ನಟನ ಬೆನ್ನ ಹಿಂದಿನ ಕಣ್ಣು

ಜಪಾನಿ ಬರವಣಿಗೆಯಲ್ಲಿ ‘ನೆನ್’ ಎಂಬ ಅಕ್ಷರವೊಂದಿದೆ. ಅದರ ಮೇಲ್ಭಾಗ ‘ಇಮಾ’, ಅಂದರೆ ಈಗ. ಕೆಳಭಾಗ ‘ಕೊಕೊರೊ’, ಅಂದರೆ ಮನಸ್ಸು. ಪಾಲಿಯ ‘ಸತಿ’, ಸಂಸ್ಕೃತದ ‘ಸ್ಮೃತಿ’ ಎಂಬ ಬೌದ್ಧ ಪದಕ್ಕೆ ಚೀನೀ ಅನುವಾದಕರು ಬಳಸಿದ್ದು ಇದೇ ಅಕ್ಷರವನ್ನು. ಇಂದು ನಮ್ಮ ಕಚೇರಿಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಹೆಸರಿನಲ್ಲಿ ತರಬೇತಿ ಕೊಡುವುದೂ ಇದರ ಸಂತತಿಯೇ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಝಿನ್ ಅದನ್ನು ರೋಗಿಗಳಿಗೆ ಕಲಿಸತೊಡಗಿದರು. ಆಮೇಲೆ ಅದು ಇಂಗ್ಲಿಷ್ ಹೆಸರು ಹೊತ್ತು ಜಪಾನಿಗೇ ವಾಪಸು ಬಂತು. ಕನ್ನಡದಲ್ಲಿ ನಮಗೆ ‘ಸಾವಧಾನ’ ಇದ್ದೇ ಇತ್ತು. ಮದುವೆ ಮಂಟಪದಲ್ಲಿ ಪುರೋಹಿತರು ಹಾಗೆಂದಾಗ ಅದರ ಅರ್ಥ ‘ಗಮನವಿಡಿ’ ಎಂದು. ಆಡುಮಾತಿನಲ್ಲಿ ಮಾತ್ರ ಅದು ‘ನಿಧಾನ’ ಎಂದಾಗಿಬಿಟ್ಟಿದೆ.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರಿನವನು, ರಾಜ್ಯೋತ್ಸವದ ನಾಟಕಗಳ ಮಟ್ಟಿಗೆ ನಟ. ಧ್ಯಾನದ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ. ನಟನಿಗೆ ಈ ಸಾವಧಾನ ಯಾಕೆ ಬೇಕು ಎಂಬಷ್ಟನ್ನೇ ಇಲ್ಲಿ ಹೇಳುತ್ತೇನೆ.

ನಿಶಿ ಕಸಾಯಿಯಲ್ಲಿ ತೋಝಾಯಿ ಲೈನ್ ಹತ್ತಿ ಇಇದಾಬಾಶಿಯಲ್ಲಿ ರೈಲು ಬದಲಿಸಿದರೆ ಸೆಂದಗಾಯ. ರಾಷ್ಟ್ರೀಯ ನೋ ರಂಗಮಂದಿರ ಇರುವುದು ಅಲ್ಲಿ, 1983ರಲ್ಲಿ ತೆರೆದದ್ದು. ನೋ ಮುಖವಾಡದ ಕಣ್ಣಿನ ತೂತುಗಳು ತೀರ ಚಿಕ್ಕವು. ರಂಗದ ಮೂಲೆಯ ಕಂಬವನ್ನು ಗುರುತು ಮಾಡಿಕೊಂಡೇ ನಟ ಹೆಜ್ಜೆಯಿಡಬೇಕು. ಪರದೆಯಾಚೆ ‘ಕಾಗಾಮಿ ನೋ ಮಾ’ ಎಂಬ ಕನ್ನಡಿಯ ಕೋಣೆ. ಮುಖವಾಡ ತೊಟ್ಟು ದೊಡ್ಡ ಕನ್ನಡಿಯೆದುರು ಕುಳಿತು, ತಾನು ಯಾರಾಗಲಿದ್ದೇನೋ ಅವರನ್ನು ನೋಡಿಕೊಂಡು ನಟ ಹೊರಡುತ್ತಾನೆ. ನಮ್ಮ ಕರಾವಳಿಯವರಿಗೆ ಇಲ್ಲಿ ಯಕ್ಷಗಾನದ ಚೌಕಿ ನೆನಪಾಗದೆ ಇರದು. ಗಣಪತಿ ಪೂಜೆ, ಸಾಲಾಗಿ ಕುಳಿತ ವೇಷಧಾರಿಗಳು, ಎದುರಿಗೊಂದು ಕನ್ನಡಿ, ತನ್ನ ಮುಖಕ್ಕೆ ತಾನೇ ಹಚ್ಚಿಕೊಳ್ಳುವ ಬಣ್ಣ. (ಚೌಕಿಯ ಹರಟೆ, ಚಹಾ ಅಲ್ಲಿಲ್ಲ, ಅಷ್ಟೇ.)

ನೋ ಕಲೆಯ ಆಚಾರ್ಯ ಝೆಆಮಿ 1424ರಲ್ಲಿ ಬರೆದ ‘ಕಾಕ್ಯೋ’ ಗ್ರಂಥದ ಹೆಸರಿನಲ್ಲೇ ಕನ್ನಡಿಯಿದೆ: ‘ಹೂವಿನ ಕನ್ನಡಿ’ ಎಂದು ಅರ್ಥ. ಅದರಲ್ಲಿ ‘ರಿಕೆನ್ ನೋ ಕೆನ್’ ಎಂಬ ವಿಚಾರ ಬರುತ್ತದೆ. ನಟ ತನ್ನ ಕಣ್ಣಿನಿಂದ ಕಾಣುವುದು ಒಂದು ನೋಟ. ತನ್ನಿಂದ ದೂರ ಸರಿದು, ಪ್ರೇಕ್ಷಕರು ಕೂತ ಜಾಗದಿಂದ ತನ್ನನ್ನು ಕಾಣುವುದು ಇನ್ನೊಂದು. ನಮಗೆ ನಮ್ಮ ಎದುರು, ಎಡ, ಬಲ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಆದ್ದರಿಂದ ಕಣ್ಣು ಮುಂದಿರಲಿ, ಮನಸ್ಸು ಹಿಂದೆ ನಿಲ್ಲಲಿ ಎನ್ನುತ್ತಾನೆ ಆತ. ಪಾತ್ರದಲ್ಲಿ ಮುಳುಗುವುದೇ ನಟನೆ ಎಂದು ತಿಳಿದವರಿಗೆ ಇದು ತಣ್ಣಗಿನ ಮಾತೆನಿಸಬಹುದು. ನನಗೂ ಹಾಗೆ ಅನಿಸುತ್ತಿತ್ತು.

2021ರ ಮೇ ತಿಂಗಳಲ್ಲಿ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ಹೋಗುವ ದಾರಿಯಿರಲಿಲ್ಲ. ಕ್ರಿಯೆಯನ್ನೆಲ್ಲ ತಮ್ಮ ಮಾಡಿದ. ನಾನು ಇಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಅಳು ಬರಲಿಲ್ಲ. ಮರುದಿನ ಮೀಟಿಂಗಿಗೂ ಕೂತೆ. ಎರಡು ವರ್ಷದ ಮೇಲೆ ನಾಟಕದಲ್ಲಿ ಮಗನನ್ನು ಊರಿಗೆ ಕಾಯುವ ಮುದುಕನ ಪಾತ್ರ ನನಗೆ ಬಂತು. ತಾಲೀಮಿನಲ್ಲಿ ಒಂದು ಸಾದಾ ಮಾತು, ‘ಊಟ ಮಾಡಿಯಾಯ್ತೇನೋ’ ಎನ್ನುವಷ್ಟೇ, ಅಲ್ಲಿ ಗಂಟಲು ಕಟ್ಟಿ ನಿಂತುಬಿಟ್ಟೆ. ಎಲ್ಲರೂ ಸುಮ್ಮನಾದರು. ನಿರ್ದೇಶಿಸುತ್ತಿದ್ದ ಅಕ್ಕ ನೀರು ಕೊಟ್ಟು, ‘ಇದು ನಿಮ್ಮ ಅಳು. ಆ ಮುದುಕ ಅಳುವವನಲ್ಲ, ಫೋನ್ ಇಟ್ಟ ಮೇಲೆ ಅದನ್ನೇ ನೋಡ್ತಾ ಕೂರುವವನು’ ಎಂದರು.

ಆ ಮಾತಿನಿಂದ ಎರಡು ಬೇರೆಬೇರೆಯಾಗಿ ಕಂಡವು: ನನ್ನ ದುಃಖ, ಆ ಮುದುಕನ ದುಃಖ. ನನ್ನದು ಇಷ್ಟು ದಿನ ಎಲ್ಲಿತ್ತು ಎಂಬುದೂ ಗೊತ್ತಾಯಿತು. ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ ಕಣ್ಣೀರನ್ನೂ ಎಣಿಸುತ್ತದೆ, ಆದರೆ ಅವು ಏಕಾಗ್ರವಾದ ಮನಸ್ಸಿನಿಂದ ಹುಟ್ಟಬೇಕೆನ್ನುತ್ತದೆ. ಕೊಚ್ಚಿಹೋದ ಮನಸ್ಸಿನಿಂದಲ್ಲ. ಆ ವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಪ್ರದರ್ಶನದ ದಿನ ಅಳಲಿಲ್ಲ. ಮುಂದಿನ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು.

ಬದಲಾವಣೆಯ ಮಾತಿಗೆ ಬಂದರೆ ಝೆಆಮಿಯದೇ ಇನ್ನೊಂದು ಪದವಿದೆ: ‘ಶೋಶಿನ್’, ಕಲಿಕೆ ಶುರುಮಾಡಿದವನ ಮನಸ್ಸು. ಹೊಸ ಚಾಲಕರು ಒಂದು ವರ್ಷ ಕಾರಿಗೆ ಅಂಟಿಸಿಕೊಳ್ಳುವ ಹಸಿರು-ಹಳದಿ ಎಲೆಯ ‘ಶೋಶಿನ್‌ಶಾ’ ಗುರುತು ನಮ್ಮ ಮಕ್ಕಳಿಗೂ ಗೊತ್ತು. ಝೆಆಮಿಯ ಪ್ರಕಾರ ಅದು ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ. ಪ್ರತಿ ವಯಸ್ಸಿಗೂ ಅದರದೇ ಶೋಶಿನ್ ಇದೆ, ಮುಪ್ಪಿಗೂ ಇದೆ. ಮುಪ್ಪನ್ನು ಯಾರೂ ಮೊದಲೇ ಅಭ್ಯಾಸ ಮಾಡಿರುವುದಿಲ್ಲವಲ್ಲ.

ಈಗ ತಾಲೀಮಿಗೆ ಮುಂಚೆ ಮೂರು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಪಾದ ನೆಲಕ್ಕೆ ಎಲ್ಲಿ ತಾಗುತ್ತದೆ, ಉಸಿರು ಎಲ್ಲಿ ತಡೆಯುತ್ತದೆ, ಹಿಂದಿನಿಂದ ನೋಡಿದರೆ ಬೆನ್ನು ಹೇಗೆ ಕಾಣುತ್ತದೆ, ಇಷ್ಟನ್ನೇ ಗಮನಿಸುವುದು. ಈ ಸಲವೂ ಅದೇ ಮುದುಕನ ಪಾತ್ರ ಮಾಡುತ್ತೀರಾ ಎಂದು ಅಕ್ಕ ಕೇಳಿದ್ದಾರೆ. ಬೆನ್ನು ಇನ್ನಷ್ಟು ಬಾಗಬೇಕಂತೆ.